ಕೆಂಪು ಮಣಿಯ ಮೇಲೆ ಒಂಬತ್ತು ಮೈಕ್ರಾನ್

ಬೆಳಗಿನ ಐದೂಮುಕ್ಕಾಲು. ದುಬೈಯ ಅಲ್ ಕೂಝ್ ಗೋದಾಮುಗಳ ಸಾಲಿನಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಒಂದು ಶಟರ್ ಮಾತ್ರ ಅರ್ಧಕ್ಕೆ ಎದ್ದಿದೆ. ಅದರಡಿ ಬಗ್ಗಿ ಒಳಗೆ ಹೋದರೆ ಹಿಂದಿನ ಕೋಣೆಯಲ್ಲಿ ಪ್ರಫುಲ್ಲಾ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಚೂಡಿದಾರದ ಮೇಲೆ ಬಿಳಿ ಕೋಟು, ಹಣೆಯಲ್ಲಿ ಸಣ್ಣ ಬೊಟ್ಟು, ಬಲಗಣ್ಣಿಗೆ ಗಡಿಯಾರ ರಿಪೇರಿಯವರು ಹಾಕಿಕೊಳ್ಳುವಂಥ ಭೂತಗನ್ನಡಿ. ಕೈಯಲ್ಲಿ ಬೆರಳುದ್ದದ ಉಕ್ಕಿನ ಕಡ್ಡಿ. ಅದರ ತುದಿಗೆ ಸಾಸಿವೆ ಕಾಳಿನಷ್ಟು ಕೆಂಪು ಮಣಿ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಮತ್ತೆ ಒರೆಸುತ್ತಾರೆ.

ನಾನು ಬಂದದ್ದು ಗೊತ್ತಾದರೂ ತಲೆ ಎತ್ತುವುದಿಲ್ಲ. "ಕೂತ್ಕೊಳ್ಳಿ ಮಾರಾಯ್ರೆ. ಮೇಜಿಗೆ ಮಾತ್ರ ಕೈ ಊರ್ಬೇಡಿ" ಎನ್ನುತ್ತಾರೆ. ನೆಟ್ಟಗೆ ಒಂದು ಗೆರೆ ಎಳೆಯಲು ಬಾರದ ನಾನು ಕೈಕಟ್ಟಿ ಕೂರುತ್ತೇನೆ.

ಈ ಕಡ್ಡಿಗೆ ಪ್ರೋಬ್ ಎಂದು ಹೆಸರು. ಕಾರ್ಖಾನೆಯಲ್ಲಿ ತಯಾರಾದ ಲೋಹದ ತುಂಡು ಹೇಳಿದ ಅಳತೆಗೆ ಬಂದಿದೆಯೇ ಎಂದು ಮುಟ್ಟಿ ನೋಡಿ ಹೇಳುವ ಬೆರಳು ಇದು. ಮಣಿ ಎಷ್ಟು ದೊಡ್ಡದಿರಬೇಕು, ಯಾವುದರದ್ದಾಗಿರಬೇಕು, ಕಡ್ಡಿ ಎಷ್ಟು ಉದ್ದ, ಎಷ್ಟು ಮೆಲ್ಲಗೆ ಒತ್ತಬೇಕು ಎಂಬುದೆಲ್ಲ ತುಂಡಿನಿಂದ ತುಂಡಿಗೆ ಬದಲಾಗುತ್ತದೆ. ಆರಿಸುವುದರಲ್ಲಿ ತಪ್ಪಿದರೆ ಒಳ್ಳೆಯ ತುಂಡು ಗುಜರಿಗೆ ಹೋಗುತ್ತದೆ, ಕೆಟ್ಟದ್ದು ಪಾಸಾಗುತ್ತದೆ. ದುಬೈ, ಅಬುಧಾಬಿಗಳ ಹತ್ತಾರು ವರ್ಕ್‌ಶಾಪುಗಳಿಗೆ ಮೂವತ್ತೊಂದು ವರ್ಷಗಳಿಂದ ಪ್ರೋಬ್ ಆರಿಸಿ ಕೊಡುತ್ತಿರುವವರು ಪ್ರಫುಲ್ಲಾ. ಇಲ್ಲಿನ ನೀಲಿ ಕಪಾಟುಗಳಲ್ಲಿ ಮುನ್ನೂರ ಹನ್ನೆರಡು ಬಗೆ ಇವೆ. ದಿನಕ್ಕೆ ಹದಿನೈದು ಫೋನು, ಐದಾರು ಪೊಟ್ಟಣ. ಅವರ ಹೆಸರು ಯಾವ ಬಿಲ್ಲಿನ ಮೇಲೂ ಬರುವುದಿಲ್ಲ.

ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಾರೆ. ಊರಿನ ಪತ್ರಿಕೆಯ ಭಾನುವಾರದ ಪುರವಣಿಗೆ ಅವರ ಬಗ್ಗೆ ಬರೆಯುತ್ತೇನೆಂದು ಎರಡು ಸಲ ಕೇಳಿದ್ದೆ, ನಕ್ಕು ತಳ್ಳಿಹಾಕಿದ್ದರು. ಮೂರನೆಯ ಸಲ ತಾವಾಗಿಯೇ ಫೋನ್ ಮಾಡಿದರು. "ಬರೀರಿ. ಆದ್ರೆ ಒಂದು ಕಂಡೀಷನ್ ಉಂಟು. ಅದರಲ್ಲಿ ಬೆನೆಡಿಕ್ಟ್ ಪೊರ್ಬುಗಳ ಹೆಸರು ಬರ್ಬೇಕು. ನನ್ನ ತಪ್ಪಿಂದ ಅವರು ಕೆಲಸ ಕಳ್ಕೊಂಡು ಊರಿಗೆ ಹೋದರು. ಇಪ್ಪತ್ತೇಳು ವರ್ಷ ಆಯ್ತು. ಅವರಿಗೆ ಇವತ್ತಿಗೂ ಗೊತ್ತಿಲ್ಲ."

ಕರಾವಳಿಯಲ್ಲಿ ತುಳುವರು ಕ್ರೈಸ್ತ ಗಂಡಸರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ. ಪ್ರಫುಲ್ಲಾ ಆ ಹೆಸರನ್ನು ಪೊರ್ಬುಗಳು ಎಂದು ಸೇರಿಸದೆ ಒಮ್ಮೆಯೂ ಹೇಳಿದ್ದನ್ನು ನಾನು ಕೇಳಿಲ್ಲ.

ಆರೂವರೆಗೆ ಝುಬೈರ್ ಬರುತ್ತಾರೆ. ಮೂಲ್ಕಿಯ ಕಡೆಯವರು, ಮನೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ಕೆಲಸ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಗುಣಮಟ್ಟ ನೋಡುವುದು. ನಸುಕಿನ ಸುಬ್ಹ್ ನಮಾಜು ಮುಗಿಸಿದ್ದೇ ಕಾರು ಹತ್ತಿದ್ದಾರೆ. ಹಳೆಯ ಪೇಪರಿನಲ್ಲಿ ಸುತ್ತಿದ ಉಕ್ಕಿನ ತುಂಡೊಂದನ್ನು ಮೇಜಿನ ಮೇಲಿಡುತ್ತಾರೆ.

"ಎಂತ ಮಾಡೋದು ಪ್ರಫುಲ್ಲಕ್ಕ, ಇದರ ಒಳಗಿನ ತೂತಿನ ಅಳತೆ ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುವುದಿಲ್ಲ. ಬಾಸ್ ಆಪರೇಟರನ್ನು ಹಿಡ್ಕೊಂಡು ಬೈತಾ ಇದ್ದಾರೆ. ಬೇರೆ ಪ್ರೋಬ್ ಕೊಡಿ, ಯಲ್ಲಾ, ಬೇಗ, ಎಂಟೂವರೆಗೆ ನಾನು ವಾಪಸ್ ಮುಟ್ಟಬೇಕು."

"ಆಪರೇಟರಿಗೆ ಫೋನ್ ಮಾಡು."

"ಅವನಿಗೆಂತ ಗೊತ್ತು ಅಕ್ಕ?"

"ಯಂತ್ರದ ಎದುರು ನಿಲ್ಲುವುದು ನೀನಾ, ಅವನಾ?"

ಝುಬೈರ್ ಫೋನ್ ಮಾಡಿ ಕೊಡುತ್ತಾರೆ. ಪ್ರಫುಲ್ಲಾ ತಮ್ಮ ಮಂಗಳೂರು ಹಿಂದಿಯಲ್ಲಿ ಆ ಮನುಷ್ಯನೊಡನೆ ಹತ್ತು ನಿಮಿಷ ಮಾತಾಡುತ್ತಾರೆ. ತುಂಡು ಯಾವ ಲೋಹದ್ದು, ಒರೆಸುವ ಬಟ್ಟೆ ಯಾವುದು, ಎಷ್ಟು ತುಂಡಿಗೊಮ್ಮೆ ಪ್ರೋಬನ್ನು ಗೊತ್ತಿರುವ ಅಳತೆಗೆ ತಾಳೆ ನೋಡಿ ಸೊನ್ನೆಗೆ ತರುತ್ತೀರಿ, ಕೊನೆಗೆ, ಊಟದ ನಂತರ ಅಳತೆ ಬದಲಾಗುತ್ತದೆಯೇ. ಈ ಕೊನೆಯ ಪ್ರಶ್ನೆಯನ್ನು ಅವರು ಯಾರಿಗೂ ತಪ್ಪಿಸುವುದಿಲ್ಲವೆಂದು ಝುಬೈರ್ ನನ್ನ ಕಿವಿಯಲ್ಲಿ ಹೇಳುತ್ತಾರೆ. ಏಕೆಂದು ಅವರಿಗೆ ಗೊತ್ತಿಲ್ಲ.

ಕಾರಣ ಸಿಗುತ್ತದೆ. ತೂತು ಆಳವೆಂದು ಯಾರೋ ಉದ್ದದ ತೆಳು ಕಡ್ಡಿ ಹಾಕಿಸಿದ್ದಾರೆ. ಮುಟ್ಟಿದಾಗಲೆಲ್ಲ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತಿದೆ. ಪ್ರಫುಲ್ಲಾ ಮೂರನೆಯ ಕಪಾಟಿನ ಕೆಳಗಿನ ಡ್ರಾಯರ್ ಎಳೆದು ಗಿಡ್ಡ, ದಪ್ಪ ಕಡ್ಡಿಯ ಪ್ರೋಬ್ ತೆಗೆಯುತ್ತಾರೆ. ತೂತಿನ ತಳ ಮುಟ್ಟುವಷ್ಟೇ ಉದ್ದ, ಅದಕ್ಕಿಂತ ಒಂದು ಕೂದಲು ಹೆಚ್ಚಿಲ್ಲ. "ನಿನ್ನ ಬಾಸಿಗೆ ಹೇಳು, ಹುಡುಗನ ಕೈ ಸರಿ ಉಂಟು ಅಂತ. ಫೋನಲ್ಲಿ ಅಲ್ಲ, ಅವರೆಲ್ಲ ಕೆಲಸ ಮಾಡುವಲ್ಲಿ ನಿಂತು ಹೇಳು."

ಝುಬೈರ್ ಹೊರಟ ಮೇಲೆ ಫ್ಲಾಸ್ಕಿನ ಚಹಾ ಬರುತ್ತದೆ. ಚಹಾದ ಜೊತೆ ಊರು ಬರುತ್ತದೆ.

ಪ್ರಫುಲ್ಲಾ ಹುಟ್ಟಿದ್ದು ಪಾಣೆಮಂಗಳೂರಿನಲ್ಲಿ. ಅಮ್ಮ ಬೀಡಿ ಕಟ್ಟುತ್ತಿದ್ದರು. ಮಗಳು ಏಳನೆಯ ವಯಸ್ಸಿಗೇ ಎಲೆ ಕತ್ತರಿಸಲು ಕೂತವಳು. ಸಂಜೆ ಜಗಲಿಯಲ್ಲಿ ನೆರೆಮನೆಯ ಐದಾರು ಹೆಂಗಸರು ಮೊರದಂಥ ತಡ್ಪೆಯನ್ನು ತೊಡೆಯ ಮೇಲಿಟ್ಟು ಸಾಲಾಗಿ ಕೂರುತ್ತಿದ್ದರು. ಒದ್ದೆ ಎಲೆಯ ವಾಸನೆ, ಕತ್ತರಿಯ ಸದ್ದು, ಯಾರದೋ ಮನೆಯ ಸೊಸೆಯ ಸುದ್ದಿ. ಅಮ್ಮ ಯಾವ ಬೀಡಿಯನ್ನೂ ಕಣ್ಣಿಟ್ಟು ನೋಡುತ್ತಿರಲಿಲ್ಲವಂತೆ. ಹೆಬ್ಬೆರಳಿನಲ್ಲಿ ಒಮ್ಮೆ ಉರುಳಿಸಿದರೆ ಸಾಕು, ಸಡಿಲ, ಬಿಗಿ, ಹೊಟ್ಟೆ ಖಾಲಿ ಎಂದು ತಿಳಿಯುತ್ತಿತ್ತು.

"ಬೀಡಿ ತಗೊಳ್ಳುವ ಬ್ರಾಂಚಿಂದ ಒಮ್ಮೆ ನನ್ನ ಕಟ್ಟೆಲ್ಲ ವಾಪಸ್ ಬಂತು" ಎಂದು ನೆನಪಿಸಿಕೊಳ್ಳುತ್ತಾರೆ. "ಬೀಡಿ ದಪ್ಪ ಆಗಿದೆ ಅಂದ್ರು. ನಾನು ಅಳ್ತಾ ಬಂದೆ. ಅಮ್ಮ ಬೈಲಿಲ್ಲ. ನನ್ನ ಬೆರಳು ಹಿಡ್ದು ನೋಡಿದ್ರು. ಹೊಗೆಸೊಪ್ಪಿನ ಪುಡಿ ಮೆತ್ತಿಕೊಂಡು ಬೆರಳೇ ದಪ್ಪ ಆಗಿತ್ತು. ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ ತೆಗ್ದರು. ಮೊದ್ಲು ಬೆರಳು ನೋಡು, ಆಮೇಲೆ ಬೀಡಿ ನೋಡು ಅಂದ್ರು. ಇಷ್ಟು ದೊಡ್ಡ ಪಾಠ ಮನೆಯಲ್ಲೇ ಸಿಕ್ಕಿತ್ತು ನೋಡಿ. ಬೇಕಾದಾಗ ನೆನಪಿಗೆ ಬರ್ಲಿಲ್ಲ."

ಬೀಡಿಯ ದುಡ್ಡಿನಲ್ಲೇ ಓದಿ, ಮಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದರು. ಆ ವರ್ಷ ಆ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಮದುವೆಯಾಗಿ ಶಾಮಸುಂದರರ ಜೊತೆ ದುಬೈಗೆ ಬಂದಾಗ ವಯಸ್ಸು ಇಪ್ಪತ್ತೇಳು. ಕರಾಮದ ಎರಡು ಕೋಣೆಯ ಫ್ಲಾಟು, ಅದರಲ್ಲಿ ಎರಡು ಸಂಸಾರ. ಕೆಳಗಿನ ಹೋಟೆಲಿನ ದೋಸೆ ವಾಸನೆಗೆ ಬೆಳಗಾಗುತ್ತಿತ್ತು. ಊರಿನ ದನಿ ಕೇಳಲು ಫೋನ್ ಬೂತಿನ ಎದುರು ಕಾರ್ಡು ಹಿಡಿದು ಸಾಲು ನಿಲ್ಲಬೇಕಿತ್ತು. ಊರಿಂದ ಬಂದವರು ಉಪ್ಪಿನಕಾಯಿಯ ಜೊತೆ ಕ್ಯಾಸೆಟ್ಟಿನಲ್ಲಿ ಅಮ್ಮನ ಮಾತು ತರುತ್ತಿದ್ದರು. ಅಮ್ಮ ಯಂತ್ರದ ಎದುರು ಏನು ಹೇಳುವುದೆಂದು ತಿಳಿಯದೆ, ಅರ್ಧ ಗಂಟೆಯೂ ಊಟ ಆಯ್ತಾ, ಊಟ ಆಯ್ತಾ ಎಂದೇ ಕೇಳಿದ ಒಂದು ಕ್ಯಾಸೆಟ್ಟು ಈಗಲೂ ಅವರ ಬಳಿಯಿದೆ. ಕೇಳಲು ಟೇಪ್ ರೆಕಾರ್ಡರ್ ಇಲ್ಲ.

ಪ್ರೋಬ್ ಮಾರುವ ಈ ಅಂಗಡಿಗೆ ಸೇರಿದ್ದು ಕೊಟೇಶನ್ ಟೈಪ್ ಮಾಡಲು. ಪ್ರೋಬ್ ನೋಡಿಕೊಳ್ಳುತ್ತಿದ್ದ ಹಿರಿಯರು ಕೆಲಸ ಬಿಟ್ಟಾಗ, ನಕ್ಷೆ ಓದಲು ಬರುವವರು ಬೇರೆ ಯಾರೂ ಇರಲಿಲ್ಲ. ಟೈಪ್ ಮಾಡುತ್ತಿದ್ದವರನ್ನೇ ಹಿಂದಿನ ಕೋಣೆಗೆ ಕಳಿಸಿದರು. "ನನಗೆ ಆಗ ಭಾರೀ ಗರ್ವ" ಎನ್ನುತ್ತಾರೆ. "ಎಲ್ಲರಿಗೂ ಮಾಣಿಕ್ಯದ ಕೆಂಪು ಮಣಿಯೇ ಕೊಡುವುದು. ಅದೇ ದುಬಾರಿ, ಅದೇ ಚಂದ. ದುಬಾರಿಯದ್ದು ತಪ್ಪುವುದುಂಟಾ?"

ಮಾತು ಇಲ್ಲಿಗೆ ಬರುವಾಗ ಅವರ ಚಹಾ ಆರಿರುತ್ತದೆ. ಮೇಜಿನ ಕೆಳಗಿನ ಡ್ರಾಯರಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದು ನನ್ನೆದುರು ಇಡುತ್ತಾರೆ. ಒಳಗೆ ಹತ್ತಿಯ ಮೇಲೆ ಮಲಗಿದ ಹಳೆಯ ಪ್ರೋಬ್. ಭೂತಗನ್ನಡಿ ಕೊಟ್ಟು ನೋಡಲು ಹೇಳುತ್ತಾರೆ. ಕೆಂಪು ಮಣಿಯ ಒಂದು ಬದಿಗೆ ಬೆಳ್ಳಿ ಬಣ್ಣದ ತೆಳು ಮಚ್ಚೆ.

ಆಗ ರಾಸ್ ಅಲ್ ಖೋರ್ ಕಡೆ ಒಂದು ಸಣ್ಣ ವರ್ಕ್‌ಶಾಪ್ ಇತ್ತು, ಈಗ ಇಲ್ಲ. ಅಲ್ಲಿ ಲೇತ್ ನಡೆಸುತ್ತಿದ್ದವರು ಬೆನೆಡಿಕ್ಟ್. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಅಲ್ಯೂಮಿನಿಯಂ ಕೊಳವೆ ತುಂಡುಗಳ ಒಳಗನ್ನು ಕೊರೆಯುವ ಆರ್ಡರ್ ಬಂದಿತ್ತು. ಪ್ರತಿ ತುಂಡನ್ನೂ ಪ್ರೋಬಿಗೆ ತೊಡಿಸಿ ಒಂದು ಸುತ್ತು ತಿರುಗಿಸಿ ಅಳತೆ ನೋಡಬೇಕು. ಮಾಣಿಕ್ಯದ ಮಣಿಯ ಪ್ರೋಬ್ ಆರಿಸಿ ಕೊಟ್ಟವರು ಪ್ರಫುಲ್ಲಾ. ಬೆಳಿಗ್ಗೆ ಒಮ್ಮೆ ಸೊನ್ನೆಗೆ ತಂದರೆ ಸಾಕು ಎಂಬ ಚೀಟಿ ಬರೆದು ಅಂಟಿಸಿದವರೂ ಅವರೇ.

ಅಲ್ಯೂಮಿನಿಯಂ ಮೆತ್ತಗಿನ ಲೋಹ. ಮಾಣಿಕ್ಯಕ್ಕೆ ಉಜ್ಜುತ್ತ ಉಜ್ಜುತ್ತ ಅದಕ್ಕೆ ಅಂಟಿಕೊಳ್ಳುತ್ತದೆ. ಮಣಿ ಅಷ್ಟು ದಪ್ಪವಾದರೆ ಕೊಳವೆಯ ಒಳಗು ಅಷ್ಟು ಚಿಕ್ಕದಾಗಿ ಕಾಣುತ್ತದೆ. ಚಿಕ್ಕದೆಂದು ನಂಬಿ ಬೆನೆಡಿಕ್ಟರು ಇನ್ನೊಂದು ಚೂರು ಕೊರೆದರು. ಬೆಳಗಿನ ತುಂಡುಗಳು ಸರಿ ಬಂದವು. ಮಧ್ಯಾಹ್ನದ ಹೊತ್ತಿಗೆ ಮಣಿ ದಪ್ಪವಾಗಿ, ತುಂಡುಗಳು ಸಡಿಲವಾದವು. ಸಂಜೆ ಅವರು ಎಲ್ಲವನ್ನೂ ಉಜ್ಜಿ ಒರೆಸಿಡುತ್ತಿದ್ದರು, ಬೆಳಿಗ್ಗೆ ಮತ್ತೆ ಸರಿ. ಮೂರು ದಿನ ಹೀಗೇ ನಡೆಯಿತು. ಎಂಬತ್ತನಾಲ್ಕು ತುಂಡು ಹಾಳು, ಎಲ್ಲವೂ ಊಟದ ನಂತರದ್ದು.

ಮೂರನೆಯ ಮಧ್ಯಾಹ್ನ ಮಾಲೀಕರು ಎಲ್ಲರನ್ನೂ ಲೇತಿನ ಸುತ್ತ ಕರೆದರು. ಪ್ರೋಬ್ ಮಾರಿದ ಅಂಗಡಿಯವರೆಂದು ಪ್ರಫುಲ್ಲಾರನ್ನೂ ಕರೆಸಿದ್ದರು.

"ಊಟಕ್ಕೆ ಹೋದವ ಕುಡ್ಕೊಂಡು ಬರ್ತಾನೆ, ಕೈ ನಡುಗ್ತದೆ ಅಂದ್ರು. ಎಲ್ಲರೂ ನಂಬಿದ್ರು. ಪೊರ್ಬುಗಳು ಅಂದ್ರೆ ಕುಡೀತಾರೆ ಅಂತ ನಮ್ಮವರಿಗೆ ಮೊದ್ಲೇ ತಲೆಯಲ್ಲಿ ಉಂಟಲ್ಲ? ನಾನು ಅವರ ಪಕ್ಕವೇ ನಿಂತಿದ್ದೆ. ವಾಸನೆ ಇರ್ಲಿಲ್ಲ. ಆದ್ರೂ ನಾನೂ ನಂಬಿದೆ." ಅವರು ಡಬ್ಬಿಯ ಮುಚ್ಚಳವನ್ನು ಮುಚ್ಚುತ್ತಾರೆ, ತೆರೆಯುತ್ತಾರೆ. "ಅವರು ಜಗಳ ಮಾಡ್ಲಿಲ್ಲ. ನನ್ನ ಹತ್ರ ಮಾತ್ರ ಹೇಳಿದ್ರು, ಅಕ್ಕ, ನೀವು ಆ ಮಣಿಯನ್ನು ಒಮ್ಮೆ ನೋಡಿ ಅಂತ. ನಾನು ಎಂತ ಹೇಳಿದೆ ಗೊತ್ತುಂಟಾ? ಅದು ಮಾಣಿಕ್ಯ, ಅದು ತಪ್ಪುವುದಿಲ್ಲ ಅಂದೆ."

ಒಂದು ವಾರದಲ್ಲಿ ವೀಸಾ ಕ್ಯಾನ್ಸಲ್. ಬೆನೆಡಿಕ್ಟ್ ಊರಿಗೆ ಹೋದರು.

ಆ ಮಧ್ಯಾಹ್ನವೇ ಒರೆಸದೆ ಕಳಚಿ ಡಬ್ಬಿಗೆ ಹಾಕಿದ್ದ ಪ್ರೋಬ್ ಎರಡು ತಿಂಗಳ ಮೇಲೆ ಸರ್ವೀಸಿಗೆಂದು ಅಂಗಡಿಗೆ ಬಂತು. ಪ್ರಫುಲ್ಲಾ ಭೂತಗನ್ನಡಿ ಹಾಕಿದರು, ಬೆಳ್ಳಿ ಮಚ್ಚೆ ಕಂಡಿತು. ಹೊಸ ಮಣಿಯ ಪಕ್ಕದಲ್ಲಿಟ್ಟು ಮಚ್ಚೆಯ ದಪ್ಪ ಅಳೆದರು: ಒಂಬತ್ತು ಮೈಕ್ರಾನ್. ಬೆನೆಡಿಕ್ಟರು ಕಳೆದುಕೊಂಡ ಕೆಲಸದ ಅಳತೆ ಅದು. ಅಂಗಡಿಯ ಮ್ಯಾನೇಜರಿಗೆ ತೋರಿಸಿದಾಗ ಸಿಕ್ಕ ಉತ್ತರ ಒಂದೇ ಮಾತು: ಖಲಾಸ್, ಹೋದವ ಹೋದ, ಬಾಯಿ ಮುಚ್ಚಿಕೊಂಡಿರು.

ಆ ವರ್ಷ ಶಾಮಸುಂದರರ ಕಂಪನಿ ಮುಚ್ಚಿತ್ತು. ಮಗಳು ಅಕ್ಷಿತಾಗೆ ಒಂದು ವರ್ಷ. ಮನೆ ನಿಂತಿದ್ದು ಪ್ರಫುಲ್ಲಾರ ಸಂಬಳದ ಮೇಲೆ. ನಾನು ಈ ಕಾರಣಗಳನ್ನೆಲ್ಲ ಅವರ ಪರವಾಗಿ ಜೋಡಿಸಲು ಹೋದರೆ ಅವರು ತಡೆಯುತ್ತಾರೆ. "ಅದೆಲ್ಲ ಬೇಡ. ಹೆದರಿದೆ. ಅಷ್ಟೇ."

ಅಲ್ಲಿಂದಾಚೆ ಅಲ್ಯೂಮಿನಿಯಂಗೆ ಅವರು ಕೆಂಪು ಮಣಿ ಕೊಟ್ಟಿಲ್ಲ. ಅದಕ್ಕೆ ಹಿಡಿಯದ ಕಪ್ಪು ಬಣ್ಣದ ಮಣಿ ಕೊಡುತ್ತಾರೆ. ನೋಡಲು ಚಂದವಿಲ್ಲ, ಆದರೆ ಲೋಹ ಅಂಟುವುದಿಲ್ಲ. ನಕ್ಷೆಯನ್ನಷ್ಟೇ ನೋಡಿ ಆರಿಸುವುದನ್ನೂ ಬಿಟ್ಟರು. ತುಂಡು ಕಳಿಸಿ, ಒರೆಸುವ ಬಟ್ಟೆ ಕಳಿಸಿ, ಯಂತ್ರದ ಮುಂದೆ ನಿಲ್ಲುವವರಿಗೆ ಫೋನ್ ಕೊಡಿ ಎಂದು ಎಲ್ಲರ ಪ್ರಾಣ ತಿನ್ನುತ್ತಾರೆ. ಖರೀದಿ ವಿಭಾಗದವರು ಬೆನ್ನ ಹಿಂದೆ ಅವರನ್ನು ಪೊಲೀಸ್ ಅಕ್ಕ ಎನ್ನುವುದು ಅವರಿಗೂ ಗೊತ್ತು. ಮುಹೈಸ್ನಾದ ಕಾರ್ಮಿಕರ ಕ್ಯಾಂಪುಗಳಲ್ಲಿ ಮಲಗಿ ಎದ್ದು ಬಸ್ಸು ಹತ್ತುವ ಎಷ್ಟೋ ಆಪರೇಟರುಗಳಿಗೆ, ತಮ್ಮ ಮಾತನ್ನೂ ಕೇಳುವ ಒಬ್ಬ ಹೆಂಗಸು ಅಲ್ ಕೂಝ್‌ನಲ್ಲಿದ್ದಾರೆಂದು ಗೊತ್ತು. ಅವರು ಪ್ರಫುಲ್ಲಾರ ಮುಖ ನೋಡಿಲ್ಲ.

ಬೆನೆಡಿಕ್ಟರ ಸುಳಿವು ಸಿಕ್ಕಿದ್ದು ಹೋದ ವರ್ಷ. ಕರಾಮದಲ್ಲಿ ಊಟದ ಡಬ್ಬಿ ಮಾಡಿ ಕೊಡುವ ಜೋಯ್ಲಿನ್ ಬೆನೆಡಿಕ್ಟರದೇ ಊರಿನವರು, ಅದೇ ಇಗರ್ಜಿಗೆ, ಎಂದರೆ ಚರ್ಚಿಗೆ, ಸೇರಿದವರು. ಪ್ರಫುಲ್ಲಾ ಇಡ್ಲಿಯಂಥ ಸಾನ್ನ ತರಲು ಹೋದಾಗ ಮಾತಿಗೆ ಮಾತು ಬಂತು. ಜೋಯ್ಲಿನ್ ನನಗೂ ಅದನ್ನೇ ಹೇಳಿದರು, ಬೆನೆಡಿಕ್ಟರನ್ನು ಕೊಂಕಣಿಯಲ್ಲಿ ಬಾಪ್ಪು, ಚಿಕ್ಕಪ್ಪ, ಎಂದು ಕರೆಯುತ್ತ. "ಬೆನ್ನ ಬಾಪ್ಪು ಅಲ್ವಾ? ಒಳ್ಳೇ ಜನ. ಗಲ್ಫಿಂದ ಬಂದ ಮೇಲೆ ಲೇತ್ ಮುಟ್ಲಿಲ್ಲಂತೆ. ಹೂವಿನ ಗಿಡದ ನರ್ಸರಿ ಇಟ್ಟಿದ್ದಾರೆ. ಕುಡಿದು ಕೆಲಸ ಕಳ್ಕೊಂಡದ್ದು ಅಂತ ಊರಲ್ಲಿ ಹೇಳ್ತಾರೆ. ಅವರು ಕುಡಿದದ್ದು ನಾನಂತೂ ನೋಡ್ಲಿಲ್ಲ. ಕೆಲವರು ಈಗ್ಲೂ ಮದುವೆಯಲ್ಲಿ ಅವರಿಗೆ ಗ್ಲಾಸ್ ತೋರ್ಸಿ ತಮಾಷೆ ಮಾಡ್ತಾರೆ. ಅವರು ನಗ್ತಾರೆ, ಎದ್ದು ಹೋಗ್ತಾರೆ."

ಪ್ರಫುಲ್ಲಾ ನಂಬರ್ ಬರೆದುಕೊಂಡು ಬಂದು, ಒಂದು ಮಧ್ಯಾಹ್ನ ಫೋನ್ ಮಾಡಿದರು. ಆ ಕಡೆಯಿಂದ ಹಲೋ, ಯಾರು ಎಂಬ ದನಿ ಕೇಳಿತು. ಇಪ್ಪತ್ತಾರು ವರ್ಷದ ಮೇಲೂ ಗುರುತು ಹತ್ತುವ ದನಿ. ಪ್ರಫುಲ್ಲಾ ಫೋನ್ ಇಟ್ಟುಬಿಟ್ಟರು.

ಮಗಳು ಅಕ್ಷಿತಾಗೆ ಇದು ಅತಿಯೆನಿಸುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದು, ಇಲ್ಲಿಯೇ ಕೆಲಸಕ್ಕಿರುವ ಅವರು ತಾಯಿಯ ತುಳುವಿಗೆ ಇಂಗ್ಲಿಷ್ ಬೆರೆಸಿ ಉತ್ತರಿಸುತ್ತಾರೆ. "ಮಮ್ಮಿ, ಇಟ್ಸ್ ಟೂ ಲೇಟ್ ನೌ. ಅವರು ಮರ್ತಿರ್ತಾರೆ." ಪ್ರಫುಲ್ಲಾ ಮಗಳ ತಟ್ಟೆಗೆ ಇನ್ನೊಂದು ಸಾನ್ನ ಹಾಕುತ್ತಾರೆ.

ನಾನೂ ಕೇಳಿದೆ. ಮುಂದಿನ ತಿಂಗಳು ಊರಿಗೆ ಹೋಗುತ್ತೀರಲ್ಲ, ಅವರ ಮನೆಗೇ ಹೋಗಿ ಹೇಳಬಹುದಲ್ಲ, ಪೇಪರ್ ಯಾಕೆ?

"ಹೋಗ್ತೇನೆ. ಆದ್ರೆ ಮನೆಯಲ್ಲಿ ಹೇಳಿದ್ರೆ ಅವರೊಬ್ಬರಿಗೆ ಗೊತ್ತಾಗ್ತದೆ. ಅವರಿಗೆ ಗೊತ್ತುಂಟಲ್ಲ ಮಾರಾಯ್ರೆ, ತಾನು ಕುಡೀಲಿಲ್ಲ ಅಂತ. ಕುಡುಕ ಅಂದದ್ದು ಎಲ್ಲರ ಎದುರು. ಅಲ್ಲ ಅನ್ನುವುದನ್ನೂ ಎಲ್ಲರ ಎದುರೇ ಹೇಳ್ಬೇಕು."

ಒಬ್ಬರನ್ನು ಕೇಳದೆ ಅವರ ಹೆಸರು ಬರೆಯುವುದು ಸರಿಯೇ ಎಂದು ನಾನು ಎರಡು ದಿನ ಒದ್ದಾಡಿದ್ದೇನೆ. ಊರಿನ ಹೆಸರು ಬಿಟ್ಟಿದ್ದೇನೆ. ಇಗರ್ಜಿಯ ಹೆಸರನ್ನೂ ಬಿಟ್ಟಿದ್ದೇನೆ. ಗೊತ್ತಾಗಬೇಕಾದವರಿಗೆ ಇಷ್ಟರಲ್ಲೇ ಗೊತ್ತಾಗುತ್ತದೆ. ಪ್ರಫುಲ್ಲಾರ ಬಗ್ಗೆ ನನಗೆ ಹುಟ್ಟಿರುವ ಗೌರವವನ್ನು ಮುಚ್ಚಿಡುವುದಿಲ್ಲ; ಬೆನೆಡಿಕ್ಟರಿಗಾದ ಅನ್ಯಾಯಕ್ಕೆ ನನಗಾದ ನೋವನ್ನೂ ಮುಚ್ಚಿಡುವುದಿಲ್ಲ. ಎರಡೂ ಒಟ್ಟಿಗೇ ಇವೆ.

ಬರೆದದ್ದನ್ನು ಓದಿ ಹೇಳಲು ಮತ್ತೊಂದು ಬೆಳಿಗ್ಗೆ ಅಲ್ ಕೂಝ್‌ಗೆ ಹೋಗುತ್ತೇನೆ. ಕಪಾಟುಗಳ ಮೇಲೆ ಹೊಸ ಚೀಟಿಗಳು ಬಂದಿವೆ. ಯಾವ ಲೋಹಕ್ಕೆ ಯಾವ ಮಣಿ, ಎಷ್ಟು ಉದ್ದ, ಎಷ್ಟು ಹೊತ್ತಿಗೊಮ್ಮೆ ಸೊನ್ನೆಗೆ ತರಬೇಕು ಎಂದು ಮುಂದೆ ಬರುವವರಿಗಾಗಿ ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ. ಎಲ್ಲ ಚೀಟಿಗಳ ಕೊನೆಯ ಸಾಲು ಒಂದೇ: ಮೊದಲು ಮಣಿ ನೋಡಿ, ಆಮೇಲೆ ಮನುಷ್ಯನನ್ನು ನೋಡಿ.

ಅವರು ಕೆಂಪು ಮಣಿಯೊಂದನ್ನು ಒರೆಸುತ್ತಲೇ ಕೇಳಿಸಿಕೊಳ್ಳುತ್ತಾರೆ. ಲೇಪದ ದಪ್ಪ ಬರುವಲ್ಲಿ ಕೈ ನಿಲ್ಲುತ್ತದೆ.

"ಸುಮಾರು ಹತ್ತು ಮೈಕ್ರಾನ್ ಅಂತ ಬರ್ದಿದ್ದೀರಾ?"

ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಅಷ್ಟು ಸಣ್ಣದರಲ್ಲಿ ಒಂದು ಹೆಚ್ಚುಕಮ್ಮಿಯಾದರೇನು ಎನ್ನುತ್ತೇನೆ.

"ಸುಮಾರು ಬೇಡ. ಒಂಬತ್ತು. ನಾನು ಅಳ್ದದ್ದು."

ತಿದ್ದಿಕೊಂಡು ಮುಂದೆ ಓದುತ್ತೇನೆ. ವರ್ಕ್‌ಶಾಪಿನ ಮಧ್ಯಾಹ್ನ ಮುಗಿಯುವಾಗ ಮತ್ತೆ ತಡೆಯುತ್ತಾರೆ. "ನಾನೂ ನಂಬಿದೆ ಅಂತ ಹೇಳಿದ್ದೆನಲ್ಲ, ಅದು ಎಲ್ಲಿ?"

ಅದನ್ನು ನಾನು ಬಿಟ್ಟಿದ್ದೆ. ಅದು ನಿಮ್ಮನ್ನು ಚೆನ್ನಾಗಿ ತೋರಿಸುವುದಿಲ್ಲ ಎಂದೆ.

"ಚೆನ್ನಾಗಿ ಕಾಣ್ಲಿಕ್ಕೆ ಅಂತ ಹೇಳಿದ್ದಲ್ಲ ನಾನು. ಮಣಿಯದ್ದು ಒಂಬತ್ತು ಮೈಕ್ರಾನ್. ಉಳಿದದ್ದು ನನ್ನದು. ಎರಡನ್ನೂ ಬರೀರಿ."

ಅದನ್ನು ಮೇಲೆ ಅದರ ಜಾಗದಲ್ಲಿ ಸೇರಿಸಿದ್ದೇನೆ. ಕೊನೆಗೆ ಅವರು ಕೆಲಸ ಕೆಳಗಿಟ್ಟು, ಕೈ ಒರೆಸಿಕೊಂಡು, ಮೂರು ಸಾಲು ಹೇಳಿ ಬರೆಸುತ್ತಾರೆ. ಒಂದಕ್ಷರವನ್ನೂ ನಾನು ಬದಲಿಸಿಲ್ಲ:

"ಬೆನೆಡಿಕ್ಟ್ ಪೊರ್ಬುಗಳು ಆ ಮೂರು ಮಧ್ಯಾಹ್ನ ಕುಡಿದಿರಲಿಲ್ಲ. ಅವರ ಕೈ ಸರಿ ಇತ್ತು, ನಾನು ಆರಿಸಿ ಕೊಟ್ಟ ಮಣಿ ತಪ್ಪಿತ್ತು. ಮಣಿಯನ್ನು ನೋಡಿ ಎಂದು ಅವರು ನನಗೆ ಹೇಳಿದ್ದರು, ನಾನು ನೋಡಲಿಲ್ಲ."

ಹಳೆಯ ಪ್ರೋಬಿನ ಡಬ್ಬಿಯನ್ನು ಅವರು ಊರಿಗೆ ಒಯ್ಯುತ್ತಾರೆ. ಪಾತ್ರೆಪಗಡಿ, ಹೊಲಿಗೆ ಯಂತ್ರ, ಕ್ಯಾಸೆಟ್ಟು ಎಲ್ಲ ಕಾರ್ಗೋದಲ್ಲಿ ಮೊದಲೇ ಹೋಗಿವೆ. ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡಿದ್ದಾರೆ. ಶಟರ್ ಪೂರ್ತಿ ಎತ್ತಿ ನನ್ನನ್ನು ಕಳಿಸಿಕೊಡುವಾಗ, ಇದು ಯಾವ ಭಾನುವಾರದ ಪೇಪರಿನಲ್ಲಿ ಬರುತ್ತದೆಂದು ಕೇಳಿ, ಬೆರಳಿನಲ್ಲಿ ಲೆಕ್ಕ ಹಾಕುತ್ತಾರೆ.

"ಅವರು ಇಗರ್ಜಿಯಿಂದ ಬಂದು ಪೇಪರ್ ಓದಿ ಮುಗಿಸುವಾಗ ಒಂಬತ್ತೂವರೆ ಆಗ್ತದೆ ಅಂತ ಜೋಯ್ಲಿನ್ ಹೇಳಿದ್ದಾರೆ. ಇಲ್ಲಿ ಆಗ ಎಂಟು ಗಂಟೆ. ನಾನು ಫೋನ್ ಮಾಡ್ತೇನೆ. ಈ ಸಲ ಫೋನ್ ಇಡೋದು ಅವರಿಗೆ ಬಿಟ್ಟದ್ದು. ನಾನು ಇಡೋದಿಲ್ಲ."